ಟ್ಯೂನರ್ ತಗೊಳ್ಳೂ ಮುಂಚೆ ಹೊಗಿ ನೋಡ್ರಿ

ಎಂಜಿನ್ ಟ್ಯೂನಿಂಗ್ ಅಂದರೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರ ಶೋಕಿ ಅಂತ ಬಹಳ ಮಂದಿ ತಿಳಿದಿದ್ದಾರೆ. ಅಂಥವರು ಒಂದು ಸಲ ಸುಗ್ಗಿಯ ಹೊತ್ತಿಗೆ ನವಲಗುಂದ, ಅಣ್ಣಿಗೇರಿ ಕಡೆ ಬಂದು ಹೋಗಬೇಕು. ಎರೆ ಹೊಲದಿಂದ ಕಡಲೆ, ಹತ್ತಿ ತುಂಬಿಕೊಂಡು ಹೊರಟ ಹಳೆಯ ಟ್ರ್ಯಾಕ್ಟರ್‌ಗಳನ್ನು ನೋಡಿ. ಕೆಲವು ಗಾಡಿಗಳ ಡೀಸೆಲ್ ಪಂಪಿನ ಸೀಲು ಕಂಪನಿಯಿಂದ ಬಂದ ಹಾಗೆ ಉಳಿದಿರುವುದಿಲ್ಲ. ಯಾರೋ ಮಿಸ್ತ್ರಿ ಅದಕ್ಕೆ ಕೈ ಹಾಕಿರುತ್ತಾನೆ. ಟ್ಯೂನಿಂಗ್ ಅನ್ನುವ ಹೆಸರು ಗೊತ್ತಿರಲಿಲ್ಲ ಅಷ್ಟೇ, ಕೆಲಸ ಅದೇ!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಳೆಯ ಡೀಸೆಲ್ ಎಂಜಿನ್ನಿನ ಪಂಪಿನಲ್ಲಿ ಒಂದು ಸ್ಕ್ರೂ ಇರುತ್ತದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬೇಕು ಅನ್ನುವುದಕ್ಕೆ ಅದು ಲಗಾಮು. ಯಾರೂ ಮುಟ್ಟಬಾರದು ಅಂತಲೇ ಅದಕ್ಕೆ ಸೀಲು ಹಾಕಿರುತ್ತಾರೆ. ಆ ಸೀಲು ಕಿತ್ತು ಸ್ಕ್ರೂ ತುಸು ತಿರುವಿದರೆ ಡೀಸೆಲ್ ಜಾಸ್ತಿ, ಎಳೆತ ಜಾಸ್ತಿ. ಮಳೆಯಾದ ಮೇಲೆ ಎರೆ ಮಣ್ಣಿನ ದಾರಿಯಲ್ಲಿ ಟ್ರೇಲರ್ ಹೂತು ನಿಂತಾಗ ಆ ಹೆಚ್ಚಿನ ಎಳೆತದ ಬೆಲೆ ಏನು ಅಂತ ಅನುಭವಿಸಿದವರಿಗೇ ಗೊತ್ತು. ಹಾಗಾಗಿ ಇದನ್ನು ಮಾಡಿಸಿದ ರೈತನನ್ನು ನಾನು ಹೀಯಾಳಿಸುವುದಿಲ್ಲ.

ಆದರೆ ಈ ಕೆಲಸ ಮಾಡುವ ಮಿಸ್ತ್ರಿಗಳಲ್ಲಿ ಎರಡು ಜಾತಿ. ಒಬ್ಬ ಸ್ಕ್ರೂ ತಿರುವಿ, ರೊಕ್ಕ ತಗೊಂಡು, "ಹೋಗ್ರಿ, ಈಗ ಕುದುರಿ ಆಗೇತಿ" ಅಂದು ಕಳಿಸುತ್ತಾನೆ. ಇನ್ನೊಬ್ಬ ಪಂಪ್ ಬಿಚ್ಚಿ ಟೆಸ್ಟ್ ಬೆಂಚಿನ ಮೇಲೆ ಕೂರಿಸುತ್ತಾನೆ. ಒಂದೊಂದು ಸಿಲಿಂಡರಿಗೆ ಎಷ್ಟೆಷ್ಟು ಡೀಸೆಲ್ ಹೋಗುತ್ತಿದೆ ಅಂತ ಗಾಜಿನ ಕೊಳವೆಗಳಲ್ಲಿ ಅಳೆಯುತ್ತಾನೆ, ಸಮ ಮಾಡುತ್ತಾನೆ, ವಾಪಸ್ ಜೋಡಿಸಿ ಲೋಡ್ ಹಾಕಿ ಓಡಿಸಲು ಹೇಳುತ್ತಾನೆ. ತಾನು ಹಿಂದೆ ನಿಂತು ಹೊಗೆ ನೋಡುತ್ತಾನೆ. ಅಂಥ ಒಬ್ಬರು ಹೇಳುತ್ತಿದ್ದ ಮಾತು: "ಹೊಗಿ ಕರ್ರಗ ಬರಾಕತ್ತಿತ್ತಂದ್ರ ನಿಮ್ಮ ರೊಕ್ಕ ಸುಡಾಕತ್ತೈತಿ ಅಂತ ತಿಳೀರಿ." ಸುಡದೆ ಉಳಿದ ಡೀಸೆಲ್ಲೇ ಕಪ್ಪು ಹೊಗೆ. ಗಾಳಿ ಇದ್ದಷ್ಟೇ ಇದ್ದು ಡೀಸೆಲ್ ಮಾತ್ರ ಸುರಿದರೆ ಶಕ್ತಿ ಏರುವುದು ಒಂದು ಮಟ್ಟದವರೆಗೆ. ಆಮೇಲೆ ಏರುವುದು ಬರೀ ಬಿಸಿ ಮತ್ತು ಖರ್ಚು. ಹೆಡ್ ಗ್ಯಾಸ್ಕೆಟ್ ಹೋದಾಗ ಸ್ಕ್ರೂ ತಿರುವಿದವನು ಕೈಗೆ ಸಿಗುವುದಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಅದೇ ಸ್ಕ್ರೂ ಈಗ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಡಬ್ಬಿಯೊಳಗೆ ಬಂದು ಕೂತಿದೆ. ಹ್ಯಾಂಡ್‌ಹೆಲ್ಡ್ ಟ್ಯೂನರ್ ಅಂತ ಅದರ ಹೆಸರು. ಸ್ಟೀರಿಂಗ್ ಕೆಳಗೆ ಹದಿನಾರು ಪಿನ್ನಿನ ಒಬಿಡಿ ಸಾಕೆಟ್ ಇರುತ್ತದಲ್ಲ, ಅಲ್ಲಿಗೆ ಚುಚ್ಚಿ, ಬಟನ್ ಒತ್ತಿ, ಕಾರಿನ ಕಂಪ್ಯೂಟರಿನೊಳಗಿನ (ಇಸಿಯು ಅನ್ನುತ್ತಾರೆ) ಲೆಕ್ಕಪಟ್ಟಿಯನ್ನೇ ಬದಲಿಸುವ ಯಂತ್ರ. ಈ ಲೆಕ್ಕಪಟ್ಟಿಗೆ ಮ್ಯಾಪ್ ಅಂತ ಹೆಸರು. ಎಷ್ಟು ಗಾಳಿಗೆ ಎಷ್ಟು ಇಂಧನ, ಕಿಡಿ ಯಾವಾಗ, ಟರ್ಬೊ ಎಷ್ಟು ಒತ್ತಬೇಕು... ಎಲ್ಲ ಅದರಲ್ಲಿ.

ನಮ್ಮ ಅಕ್ಕನ ಮಗನ ಹತ್ತಿರ ಒಂದು ಹಳೆಯ ಪೋಲೊ ಜಿಟಿ ಟಿಎಸ್‌ಐ ಇದೆ. ಕೆಲಸ ಬೆಂಗಳೂರಲ್ಲಿ, ಹಬ್ಬಕ್ಕೆ ಅಣ್ಣಿಗೇರಿ. ಸೈಲೆನ್ಸರ್ ಬದಲಿಸಿದ್ದಾನೆ, ಗಾಳಿ ಫಿಲ್ಟರ್ ತೆಗೆದು ತೆರೆದ ಕೋನ್ ಫಿಲ್ಟರ್ ಹಾಕಿಸಿದ್ದಾನೆ. ಈಗ "ಮಾಮಾ, ಯಾವ ಟ್ಯೂನರ್ ತಗೊಳ್ಲಿ ಹೇಳ್ರಿ, ಎಷ್ಟು ಎಚ್‌ಪಿ ಏರ್ತೈತಿ?" ಅಂತ ಕೇಳಿದ. ಈ ಪ್ರಶ್ನೆ ಅವನೊಬ್ಬನದಲ್ಲ. ಕಲಘಟಗಿಯಲ್ಲೂ ಕುಂದಗೋಳದಲ್ಲೂ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಡೀಸೆಲ್, ವರ್ನಾ, ಪೋಲೊ ತಗೊಂಡು ಏನೇನೋ ಜೋಡಿಸಿದ ಹುಡುಗರು ಕೇಳುವ ಪ್ರಶ್ನೆ ಇದೇ. ನನ್ನ ಉತ್ತರ ಸ್ವಲ್ಪ ಉದ್ದ ಆಯ್ತು, ಅದಕ್ಕೇ ಇಲ್ಲಿ ಬರೀತಾ ಇದ್ದೀನಿ :)

ಮೊದಲು ಮಾರ್ಕೆಟ್‌ನಲ್ಲಿ ಏನೇನಿದೆ ನೋಡೋಣ. ಒಟ್ಟು ಮೂರು ದಾರಿ.

ಒಂದು, ಮೇಲೆ ಹೇಳಿದ ಹ್ಯಾಂಡ್‌ಹೆಲ್ಡ್. ಕಾಬ್ ಕಂಪನಿಯ ಅಕ್ಸೆಸ್‌ಪೋರ್ಟ್, ಎಸ್‌ಸಿಟಿ, ಡಿಯಾಬ್ಲೋಸ್ಪೋರ್ಟ್ ಇವೆಲ್ಲ ಅಮೆರಿಕದಲ್ಲಿ ಹೆಸರು ಮಾಡಿದವು. ಅಲ್ಲಿನ ಮಸ್ಟಾಂಗ್, ಸುಬಾರು, ದೊಡ್ಡ ಪಿಕಪ್ ಟ್ರಕ್‌ಗಳಿಗೆ ಹುಟ್ಟಿದವು. ಎರಡು, ಟ್ಯೂನರ್ ಅಂಗಡಿಯವರು ಲ್ಯಾಪ್‌ಟಾಪ್ ತಂದು ನಿಮ್ಮ ಕಾರಿಗಂತಲೇ ಮ್ಯಾಪ್ ಬರೆದು ಕೊಡುವುದು, ಅಂದರೆ ರೀಮ್ಯಾಪ್. ಮೂರು, ಇಸಿಯು ಮುಟ್ಟದೆ ನಡುವೆ ಜೋಡಿಸುವ ಬಾಕ್ಸ್. ಜರ್ಮನಿಯ ರೇಸ್‌ಚಿಪ್, ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರ ಡೀಸೆಲ್‌ಟ್ರಾನಿಕ್ ಹೆಸರು ನೀವು ಕೇಳಿರಬಹುದು. ಈ ಬಾಕ್ಸ್ ಮಾಡುವ ಕೆಲಸ ಒಂದು ಥರದ ಹುಸಿ ವರದಿ. ಡೀಸೆಲ್ ಕಾರಿನಲ್ಲಿ ಇಂಧನದ ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಅಂತ ಇಸಿಯುಗೆ ಹೇಳುತ್ತದೆ. ಪಾಪ, ಇಸಿಯು ನಂಬಿ ಒತ್ತಡ ಏರಿಸುತ್ತದೆ.

ಹುಡುಗರು ಈ ಮೂರನ್ನೂ ಒಂದೇ ಅಂಕಿ ಹಿಡಿದು ಹೋಲಿಸುತ್ತಾರೆ. "ಇದು 20 ಎಚ್‌ಪಿ ಕೊಡತೈತಿ, ಅದು 25 ಕೊಡತೈತಿ." ನನ್ನ ತಕರಾರು ಇಲ್ಲೇ ಶುರು. ಎಷ್ಟು ಏರಿಸುತ್ತದೆ ಅನ್ನುವುದನ್ನು ನೋಡಿ ಟ್ಯೂನರ್ ಆರಿಸಬೇಡಿ. ಎಷ್ಟು ತೋರಿಸುತ್ತದೆ, ಮತ್ತೆ ಮೊದಲಿನ ಹಾಗೆ ಮಾಡಿ ಕೊಡುತ್ತದೆಯೋ ಇಲ್ಲವೋ, ಈ ಎರಡನ್ನು ನೋಡಿ ಆರಿಸಿ. ಏರಿಸುವುದು ಎಲ್ಲಕ್ಕೂ ಬರುತ್ತದೆ. ನಮ್ಮೂರ ಸ್ಕ್ರೂಡ್ರೈವರ್‌ಗೂ ಬರುತ್ತಿತ್ತು!

ಕಾರಣ ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಇಂಧನ. ಅಮೆರಿಕದ ಟ್ಯೂನರ್‌ಗಳಲ್ಲಿ "91 ಆಕ್ಟೇನ್ ಮ್ಯಾಪ್", "93 ಆಕ್ಟೇನ್ ಮ್ಯಾಪ್" ಅಂತ ತುಂಬಿ ಕೊಟ್ಟಿರುತ್ತಾರೆ. ನಮ್ಮಲ್ಲೂ ವರ್ಷಗಟ್ಟಲೆ ಸಾದಾ ಪೆಟ್ರೋಲು 91 ಅಂತಲೇ ಲೆಕ್ಕ. ಹಾಗಾದರೆ 91ರ ಮ್ಯಾಪ್ ಹಾಕಿದರೆ ಸರಿಹೋಯ್ತಲ್ಲ ಅನ್ನಿಸುತ್ತದೆ. ಸರಿಹೋಗುವುದಿಲ್ಲ. ಆಕ್ಟೇನ್ ಅಳೆಯಲು ರಾನ್, ಮಾನ್ ಅಂತ ಎರಡು ಪದ್ಧತಿ. ನಮ್ಮದು ರಾನ್ ಲೆಕ್ಕ. ಅಮೆರಿಕದವರು ಎರಡನ್ನೂ ಕೂಡಿಸಿ ಅರ್ಧ ಮಾಡಿ ಬಂಕಿನ ಮೇಲೆ ಬರೆಯುತ್ತಾರೆ. ಹಾಗಾಗಿ ಅವರ ಅಂಕಿ ನಾಲ್ಕೈದು ಕಡಿಮೆ ಕಾಣುತ್ತದೆ. ಅವರ 91 ಅಂದರೆ ನಮ್ಮ ಲೆಕ್ಕದಲ್ಲಿ 95ರ ಮೇಲೆ. ನಮ್ಮ 91 ಅಂದರೆ ಅವರ 87, ಅಲ್ಲಿ ಅದು ಎಲ್ಲಕ್ಕಿಂತ ಅಗ್ಗದ ಪೆಟ್ರೋಲು. ಅಂಕಿ ಒಂದೇ, ಅರ್ಥ ಬೇರೆ. ಕಡಿಮೆ ಆಕ್ಟೇನಿನ ಪೆಟ್ರೋಲಿಗೆ ಜೋರಿನ ಮ್ಯಾಪ್ ಹಾಕಿದರೆ ಆಗುವುದೇ ನಾಕಿಂಗ್. ಸಿಲಿಂಡರಿನೊಳಗೆ ಮಿಶ್ರಣ ಹೇಳಿದಂತೆ ಸುಡದೆ ತಾನೇ ತಾನಾಗಿ ಸಿಡಿಯುತ್ತದೆ. ಪಿಸ್ಟನ್ನಿಗೆ ಸುತ್ತಿಗೆ ಏಟು ಬಿದ್ದ ಹಾಗೆ. ಟರ್ಬೊ ಕಾರಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ.

ಮೇಲಾಗಿ ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. 2025ರಲ್ಲಿ ದೇಶ ಆ ಗುರಿ ಮುಟ್ಟಿತು. ಕಬ್ಬಿನಿಂದ ಮಾತ್ರ ಅಲ್ಲ, ಗೋವಿನಜೋಳದಿಂದಲೂ ಎಥನಾಲ್ ಮಾಡುತ್ತಾರೆ. ಕಲಘಟಗಿ ಕಡೆಯ ಗೋವಿನಜೋಳಕ್ಕೂ ನಮ್ಮ ಹುಡುಗನ ಟರ್ಬೊಗೂ ಹೀಗೊಂದು ನೆಂಟಸ್ತನ! ಎಥನಾಲ್ ಆಕ್ಟೇನ್ ಏರಿಸುತ್ತದೆ, ನಿಜ. ಆದರೆ ಅದರಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಬೇಕಾಗುವ ಗಾಳಿಯ ಪ್ರಮಾಣವೂ ಬೇರೆ. ಒಂದು ಪಾಲು ಪೆಟ್ರೋಲು ಸರಿಯಾಗಿ ಸುಡಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಶುದ್ಧ ಎಥನಾಲಿಗೆ ಬರೀ 9 ಪಾಲು. ಅಂದರೆ ಅದೇ ಗಾಳಿಗೆ ಇಂಧನ ಹೆಚ್ಚು ಹಾಕಬೇಕು. ಹತ್ತು ವರ್ಷದ ಹಿಂದೆ ಬೇರೆ ದೇಶದ ಪೆಟ್ರೋಲಿಗೆ ಬರೆದ ಮ್ಯಾಪಿಗೆ ಈ ಸಂಗತಿ ಹೇಗೆ ಗೊತ್ತಾಗಬೇಕು? ಆದ್ದರಿಂದ ಟ್ಯೂನರ್ ಮಾರುವವನಿಗೆ ಮೊದಲ ಪ್ರಶ್ನೆ: ಈ ಮ್ಯಾಪ್ ಯಾವ ದೇಶದ ಯಾವ ಪೆಟ್ರೋಲಿಗೆ ಬರೆದದ್ದು? ಉತ್ತರಕ್ಕೆ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು ನಿಮ್ಮ ಕಾರಿಗೆ ಈಗಾಗಲೇ ನೀವು ಮಾಡಿರುವ ಬದಲಾವಣೆ. ಟ್ಯೂನರಿನಲ್ಲಿ ತುಂಬಿ ಬರುವ ಸಿದ್ಧ ಮ್ಯಾಪ್ ಅನ್ನು ಕಂಪನಿಯಿಂದ ಬಂದಂಥ ಕಾರಿಗೆ, ಇಲ್ಲವೇ ಅವರೇ ಹೇಳಿದ ಫಿಲ್ಟರ್, ಅವರೇ ಹೇಳಿದ ಸೈಲೆನ್ಸರ್ ಇರುವ ಕಾರಿಗೆ ಬರೆದಿರುತ್ತಾರೆ. ನಮ್ಮ ಹುಡುಗರ ಕಾರಿನಲ್ಲಿ ಫಿಲ್ಟರ್ ಒಂದು ಕಡೆಯದು, ಸೈಲೆನ್ಸರ್ ವೆಲ್ಡಿಂಗ್ ಅಂಗಡಿಯದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂದ ಹಾಗೆ.

ಅದರಲ್ಲೂ ಆ ತೆರೆದ ಕೋನ್ ಫಿಲ್ಟರ್ ಬಗ್ಗೆ ನನಗೆ ವಿಶೇಷ ಸಿಟ್ಟು. ಬಾನೆಟ್ ಒಳಗಿನ ಕಾದ ಗಾಳಿಯನ್ನೇ ಅದು ಎಳೆದುಕೊಳ್ಳುತ್ತದೆ. ಏಪ್ರಿಲ್ ತಿಂಗಳು ನವಲಗುಂದ ರಸ್ತೆಯಲ್ಲಿ ಹೊರಗೇ ನಲವತ್ತು ಡಿಗ್ರಿ ಸಮೀಪ ಇರುವಾಗ ಒಳಗೆ ಎಷ್ಟಿರಬಹುದು, ಲೆಕ್ಕ ಹಾಕಿ. ಗಾಳಿ ಬಿಸಿಯಾದಷ್ಟೂ ತೆಳು, ನಾಕಿಂಗ್ ಹತ್ತಿರ. ಹುಷಾರಾದ ಇಸಿಯು ಕಿಡಿಯನ್ನು ತಡ ಮಾಡಿ ಎಂಜಿನ್ ಉಳಿಸಿಕೊಳ್ಳುತ್ತದೆ. ಅಂದರೆ ರೊಕ್ಕ ಕೊಟ್ಟು ಶಕ್ತಿ ಕಡಿಮೆ ಮಾಡಿಸಿಕೊಂಡ ಹಾಗಾಯ್ತು, ಸದ್ದು ಮಾತ್ರ ಜೋರು! ಇನ್ನು ಸುಗ್ಗಿ ಕಾಲದ ಎರೆ ಮಣ್ಣಿನ ಧೂಳು. ಟರ್ಬೊದ ರೆಕ್ಕೆ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ. ಆ ವೇಗದಲ್ಲಿ ಸಣ್ಣ ಧೂಳೂ ಮರಳು ಕಾಗದ ಇದ್ದ ಹಾಗೆ. ಟ್ರ್ಯಾಕ್ಟರಿಗೆ ಎಣ್ಣೆ ತುಂಬಿದ ಫಿಲ್ಟರ್ ಬಟ್ಟಲು ಯಾಕೆ ಇಟ್ಟಿದ್ದರು ಅಂತ ನಮ್ಮ ರೈತರಿಗೆ ಗೊತ್ತು, ಅವರ ಮಕ್ಕಳು ಮರೆತರೆ ಹೇಗೆ?

ಇಂಥ ಕಾರಿಗೆ ಸಿದ್ಧ ಮ್ಯಾಪ್ ಸಾಲದು. ಆ ಕಾರು ಓಡುವಾಗ ಒಳಗೆ ಏನಾಗುತ್ತಿದೆ ಅಂತ ದಾಖಲೆ ಬೇಕು. ಒಳ್ಳೆಯ ಹ್ಯಾಂಡ್‌ಹೆಲ್ಡ್ ಟ್ಯೂನರಿನ ನಿಜವಾದ ಬೆಲೆ ಇರುವುದು ಇಲ್ಲಿ. ಟರ್ಬೊ ಎಷ್ಟು ಒತ್ತಬೇಕಿತ್ತು, ಎಷ್ಟು ಒತ್ತಿತು; ನಾಕಿಂಗ್ ಕಂಡು ಇಸಿಯು ಕಿಡಿಯನ್ನು ಎಷ್ಟು ಹಿಂದಕ್ಕೆ ತಂದಿತು; ಒಳಬರುವ ಗಾಳಿಯ ಬಿಸಿ ಎಷ್ಟು; ಗಾಳಿ–ಇಂಧನದ ಲೆಕ್ಕ ಸರಿ ಇದೆಯೋ ಇಲ್ಲವೋ. ಇದನ್ನೆಲ್ಲ ಕ್ಷಣ ಕ್ಷಣಕ್ಕೂ ಬರೆದಿಟ್ಟುಕೊಂಡು, ಆ ಫೈಲನ್ನು ಮ್ಯಾಪ್ ಬರೆಯುವವನಿಗೆ ಕಳಿಸಿದರೆ ಅವನು ನೋಡಿ ತಿದ್ದಿ ಮತ್ತೆ ಕಳಿಸುತ್ತಾನೆ. ಅಣ್ಣಿಗೇರಿಯಲ್ಲಿ ಕಾರು ಕಟ್ಟಿ ಓಡಿಸಿ ಶಕ್ತಿ ಅಳೆಯುವ ಡೈನೊ ಎಲ್ಲಿ ಹುಡುಕೋಣ? ದೂರದ ಊರಲ್ಲಿರುವವರಿಗೆ ಹ್ಯಾಂಡ್‌ಹೆಲ್ಡ್‌ನಿಂದ ಇರುವ ದೊಡ್ಡ ಅನುಕೂಲ ಇದೇ: ಬೆಂಗಳೂರಿಗೋ ಪುಣೆಗೋ ನಾಲ್ಕು ಸಲ ಅಲೆಯುವುದು ತಪ್ಪುತ್ತದೆ. ಈ ದಾಖಲೆಯನ್ನು ಬರೆಯದ ಟ್ಯೂನರ್, ಅಥವಾ ದಾಖಲೆ ನೋಡಿ ತಿದ್ದಿ ಕೊಡುವ ಮನುಷ್ಯ ಹಿಂದೆ ಇಲ್ಲದ ಟ್ಯೂನರ್, ಎಷ್ಟೇ ಚಂದ ಸ್ಕ್ರೀನ್ ಇದ್ದರೂ ಬರೀ ಸ್ಕ್ರೂಡ್ರೈವರ್.

ಮೂರನೆಯದು ವಾಪಸ್ ಬರುವ ದಾರಿ. ಟ್ಯೂನರ್ ಮೊದಲು ನಿಮ್ಮ ಕಾರಿನ ಮೂಲ ಮ್ಯಾಪನ್ನು ಓದಿ ಇಟ್ಟುಕೊಳ್ಳುತ್ತದೆಯೇ? ಬೇಕಾದಾಗ ಅದನ್ನೇ ವಾಪಸ್ ಹಾಕುತ್ತದೆಯೇ? ಇಲ್ಲ ಅಂದರೆ ಮಾತು ಮುಂದುವರಿಸಬೇಡಿ.

ಇಲ್ಲಿ ಸೆಕೆಂಡ್ ಹ್ಯಾಂಡ್ ಟ್ಯೂನರ್ ಹುಡುಕುವವರಿಗೆ ಒಂದು ಎಚ್ಚರಿಕೆ. ಬಹಳಷ್ಟು ಹ್ಯಾಂಡ್‌ಹೆಲ್ಡ್‌ಗಳು ಒಮ್ಮೆ ಒಂದು ಕಾರಿಗೆ ಬಳಸಿದರೆ ಆ ಕಾರಿನ ಛಾಸಿ ನಂಬರಿಗೆ ಗಂಟು ಬೀಳುತ್ತವೆ. ಅವರ ಭಾಷೆಯಲ್ಲಿ ಇದಕ್ಕೆ ಮದುವೆ ಅಂತಲೇ ಹೆಸರು. ಹಳೆಯ ಮಾಲೀಕ ಆ ಕಾರಿನಿಂದ ಬಿಡಿಸಿ ಕೊಡದಿದ್ದರೆ ನಿಮ್ಮ ಕಾರಿಗೆ ಅದು ಬರೀ ಆಟಿಕೆ. ಆನ್‌ಲೈನ್‌ನಲ್ಲಿ ಅರ್ಧ ರೇಟಿಗೆ ಸಿಕ್ಕಿತು ಅಂತ ಕುಣಿಯುವ ಮುಂಚೆ ವಿಚ್ಛೇದನ ಆಗಿದೆಯೋ ಇಲ್ಲವೋ ಕೇಳಿ :)

ಮ್ಯಾಪ್ ಬರೆಯುವಾಗ ಕಾರಿನ ಬ್ಯಾಟರಿ ವೋಲ್ಟೇಜ್ ಇಳಿಯಬಾರದು. ನಡುವೆ ಕಡಿತವಾದರೆ ಇಸಿಯು ಅರ್ಧ ಹಳೆಯದು ಅರ್ಧ ಹೊಸದಾಗಿ ಕೂತು, ಕಾರು ಸ್ಟಾರ್ಟೇ ಆಗದಿರಬಹುದು. ಆಗ ಇಸಿಯು ಬಿಚ್ಚಿ ಮೇಜಿನ ಮೇಲಿಟ್ಟು ಸರಿ ಮಾಡುವವರು ಬೇಕು. ಅಂಥವರು ನಿಮ್ಮೂರಿನಿಂದ ಎಷ್ಟು ದೂರ? ಕರೆಂಟು ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಗೊತ್ತಿಲ್ಲದ ಊರಿನಲ್ಲಿ ಹಳೆಯ ಬ್ಯಾಟರಿಯ ಕಾರಿಗೆ ರಾತ್ರಿ ಹತ್ತು ಗಂಟೆಗೆ ಮ್ಯಾಪ್ ಹಾಕಲು ಕೂರುವುದು ಶೌರ್ಯ ಅಲ್ಲ.

ನಾಲ್ಕನೆಯದು ನಿಮ್ಮ ಕಾರಿನ ವಯಸ್ಸು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಕಾರುಗಳಲ್ಲಿ ಅನೇಕ ಇಸಿಯುಗಳಿಗೆ ಬಿಗಿ ಬೀಗ. ಕೆಲವನ್ನು ಒಬಿಡಿ ಸಾಕೆಟ್‌ನಿಂದ ಬರೆಯಲಿಕ್ಕೇ ಆಗುವುದಿಲ್ಲ, ಬಿಚ್ಚಿಯೇ ಆಗಬೇಕು. ಹ್ಯಾಂಡ್‌ಹೆಲ್ಡ್‌ಗೆ ಅಲ್ಲಿ ಕೆಲಸವೇ ಇಲ್ಲ. ಹಳೆಯ ಕಾರಿಗೂ ಹೆಸರು ನೋಡಿ ತಗೊಳ್ಳಬೇಡಿ. "ಪೋಲೊಗೆ ಆಗುತ್ತದೆ" ಅಂತ ಡಬ್ಬಿ ಮೇಲೆ ಬರೆದಿದ್ದರೆ ಅದು ಯುರೋಪಿನ ಪೋಲೊ ಇರಬಹುದು. ಕೇಳಬೇಕಾದದ್ದು ಇಸಿಯು ನಂಬರ್.

ಹಾಗಾದರೆ ಆ ಬಾಕ್ಸ್ ತಗೊಂಡರೆ ಗೋಳೇ ಇಲ್ಲವಲ್ಲ ಅಂತ ಕೆಲವರು ವಾದಿಸುತ್ತಾರೆ. ಅದರಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಇಸಿಯು ಮುಟ್ಟುವುದಿಲ್ಲ, ಎರಡು ಕನೆಕ್ಟರ್ ಕಿತ್ತರೆ ಕಾರು ಮೊದಲಿನಂತೆ, ಮಾರುವಾಗ ಬಾಕ್ಸ್ ಬೇರೆ ಮಾರಬಹುದು. ಒಳ್ಳೆಯ ಕಂಪನಿಯ ಬಾಕ್ಸ್ ಮಿತಿಯಲ್ಲೇ ಕೆಲಸ ಮಾಡುತ್ತದೆ. ಆದರೆ ಮೂಲ ಸಂಗತಿ ಬದಲಾಗುವುದಿಲ್ಲ: ಸೆನ್ಸರ್ ಹೇಳುವುದು ಒಂದು, ಇಸಿಯುಗೆ ಕೇಳಿಸುವುದು ಇನ್ನೊಂದು. ಕಾರಿನ ಟೈರಿನೊಳಗೆ ಇರುವುದು ಎರಡು ಚಿಲ್ಲರೆ ಬಾರ್ ಒತ್ತಡ. ಕಾಮನ್ ರೈಲ್ ಡೀಸೆಲ್ಲಿನ ಪೈಪಿನಲ್ಲಿ ಇರುವುದು ಸಾವಿರ ಬಾರ್‌ಗೂ ಮೇಲೆ. ಅಂಥ ಜಾಗದಲ್ಲಿ ಹುಸಿ ವರದಿ ಕೊಟ್ಟು ಕೆಲಸ ತೆಗೆಯುವುದಕ್ಕಿಂತ ನೇರವಾಗಿ ಹೇಳಿ ಮಾಡಿಸುವುದೇ ನನಗೆ ಹೆಚ್ಚು ಇಷ್ಟ. ಯಾವ ಕಂಪನಿಯದು ಅಂತಲೇ ಗೊತ್ತಿಲ್ಲದ ಅಗ್ಗದ ಬಾಕ್ಸ್ ಬಗ್ಗೆ ಮಾತಾಡುವುದೇ ಬೇಡ.

ಯಾವುದನ್ನೇ ಹಾಕಿದರೂ ಎಂಜಿನ್ ಒಂದೇ ಕಾರಲ್ಲ. ಸ್ವಿಫ್ಟ್ ಡೀಸೆಲ್ಲಿನ 1248 ಸಿಸಿ ಎಂಜಿನ್ ಕಂಪನಿಯಿಂದ ಬಂದಾಗ 75 ಪಿಎಸ್, 190 ನ್ಯೂಟನ್ ಮೀಟರ್. ಅದರ ಕ್ಲಚ್ಚು ಆ ಲೆಕ್ಕಕ್ಕೆ ಮಾಡಿದ್ದು. ಅಕ್ಕನ ಮಗನ ಪೋಲೊದಲ್ಲಿರುವ ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿ ಪೆಟ್ಟಿಗೆಗೆ ಮಿತಿ 250 ನ್ಯೂಟನ್ ಮೀಟರ್. ಎಂಜಿನ್ 175 ಕೊಡುತ್ತಿತ್ತು, ನಡುವೆ ಇರುವ ಅಂತರವೇ ಕಂಪನಿ ಇಟ್ಟ ಬಾಳಿಕೆ. ಅದನ್ನು ತಿಂದು ಮುಗಿಸಿದರೆ ಗೇರ್ ಪೆಟ್ಟಿಗೆಯ ಬಿಲ್ ಟ್ಯೂನರಿನ ಬಿಲ್ಲಿಗಿಂತ ದೊಡ್ಡದು.

ಇನ್ನು ಕಾನೂನು. ಈ ವಿಷಯ ಎತ್ತಿದರೆ ಹುಡುಗರು ಮುಖ ಸೊಟ್ಟ ಮಾಡುತ್ತಾರೆ, ಆದರೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ನಮೂದಿಸಿದ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಲ್ಲಿ, ಅನುಮತಿ ಇಲ್ಲದ ಬಿಡಿಭಾಗ ಜೋಡಿಸಿ ಗಾಡಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ, ಇಲ್ಲವೇ ಎರಡೂ. ಸಾಫ್ಟ್‌ವೇರ್ ಕಣ್ಣಿಗೆ ಕಾಣುವುದಿಲ್ಲ ಅಂತ ಸಮಾಧಾನ ಮಾಡಿಕೊಳ್ಳುವವರ ಸೈಲೆನ್ಸರ್ ಮಾತ್ರ ಊರಿಗೆಲ್ಲ ಕೇಳಿಸುತ್ತದೆ. ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ಕ್ಲೇಮಿನ ಹೊತ್ತಿಗೆ ಹೊರಬಂದರೆ ತಕರಾರು ಗ್ಯಾರಂಟಿ. ಕಂಪನಿ ವಾರಂಟಿಯ ಕಥೆಯೂ ಅಷ್ಟೇ.

ಇದು ನಮ್ಮ ದೇಶದ ಕಿರಿಕಿರಿ ಮಾತ್ರ ಅಂದುಕೊಳ್ಳಬೇಡಿ. ಟ್ಯೂನರ್‌ಗಳ ತವರು ಅಮೆರಿಕದಲ್ಲೇ ಎಸ್‌ಸಿಟಿ, ಬುಲ್ಲಿ ಡಾಗ್ ಹೆಸರಿನ ಟ್ಯೂನರ್ ಮಾಡುವ ಡಿರೈವ್ ಸಿಸ್ಟಮ್ಸ್ ಕಂಪನಿ 2018ರಲ್ಲಿ ಅಲ್ಲಿನ ಪರಿಸರ ಸಂಸ್ಥೆಯೊಂದಿಗೆ ರಾಜಿ ಮಾಡಿಕೊಂಡು ಮೂರು ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಹೊಗೆ ಕಡಿಮೆ ಮಾಡುವ ವ್ಯವಸ್ಥೆಯನ್ನು ಅವರ ಟ್ಯೂನರ್‌ಗಳು ನಿಷ್ಕ್ರಿಯ ಮಾಡುತ್ತವೆ ಅನ್ನುವುದು ಆರೋಪ. ನೋಡಿ, ಅಲ್ಲಿಯೂ ಮಾತು ಬಂದು ನಿಂತದ್ದು ಹೊಗೆಗೇ! ನಮ್ಮಲ್ಲಿ ಬಿಎಸ್6 ಡೀಸೆಲ್ಲಿನ ಹೊಗೆ ಫಿಲ್ಟರ್ ಕಿತ್ತು ಎಸೆದು, "ಈಗ ಉಸಿರಾಡತೈತಿ ನೋಡ್ರಿ" ಅನ್ನುವವರಿದ್ದಾರೆ. ಎಂಜಿನ್ ಉಸಿರಾಡಿತು ಸರಿ, ಹಿಂದಿನ ಸೈಕಲ್ಲಿನವನು?

ಹಾಂ, ರಸ್ತೆ ವಿಷಯ. ಹುಬ್ಬಳ್ಳಿ–ಧಾರವಾಡ ಬೈಪಾಸ್ ಎಷ್ಟು ಜೀವ ತಿಂದಿದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಗೆಳತಿಯರು ಹೊರಟಿದ್ದ ಟೆಂಪೊಗೆ ಟಿಪ್ಪರ್ ಡಿಕ್ಕಿಯಾದದ್ದು ಇನ್ನೂ ನೆನಪಿನಲ್ಲಿದೆ. ಅದು ಟ್ಯೂನ್ ಮಾಡಿದ ಗಾಡಿಯಿಂದ ಆದದ್ದು ಅಂತ ನಾನು ಹೇಳುತ್ತಿಲ್ಲ. ಎದುರಿನಿಂದ ಬರುವವನಿಗೂ ನಮಗೂ ನಡುವೆ ಏನೂ ಇಲ್ಲದ ರಸ್ತೆಯಲ್ಲಿ ತಪ್ಪಿಗೆ ಎಷ್ಟು ಕಡಿಮೆ ಜಾಗ ಅನ್ನುವುದಷ್ಟೇ ಮಾತು. ನಮ್ಮ ತಾಲ್ಲೂಕಿನ ರಸ್ತೆಗಳಲ್ಲಿ ರಾತ್ರಿ ಹಿಂದೆ ಲೈಟಿಲ್ಲದ ಟ್ರೇಲರ್ ಇರುತ್ತದೆ, ಕುರಿ ಹಿಂಡು ಇರುತ್ತದೆ, ರಸ್ತೆ ಮೇಲೇ ರಾಶಿ ಹಾಕಿದ ಬೆಳೆ ಇರುತ್ತದೆ. ನಾಕಿಂಗ್ ದಾಖಲೆ ತೆಗೆಯಲು ಮೂರನೇ ಗೇರಿನಲ್ಲಿ ಪೂರ್ತಿ ಒತ್ತಬೇಕು ಅಂತ ಇಂಥ ರಸ್ತೆಯಲ್ಲಿ ಸಂಜೆ ಹೊತ್ತು ಒತ್ತುವವನಿಗೆ ಟ್ಯೂನರ್ ಅಲ್ಲ, ಮನೆಯವರ ಬೈಗುಳ ಬೇಕು. ಒತ್ತಲೇಬೇಕು ಅನ್ನುವ ಹಟ ಇದ್ದರೆ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಅಲ್ಲಿ ಹೋಗಿ ಒತ್ತಿ.

"ಎಲ್ಲ ಬ್ಯಾಡ ಅಂತೀರಿ, ಹಂಗಾದ್ರ ಏನ್ ಮಾಡ್ಲಿ?" ಅಂತ ಕೇಳಿದರೆ, ನಾನು ಬೇಡ ಅನ್ನುತ್ತಿಲ್ಲ. ಕೆಲಸದ ಸರತಿ ಹೇಳುತ್ತಿದ್ದೇನೆ.

ಮೊದಲು ಟೈರು, ಬ್ರೇಕು, ಕೂಲಂಟು, ಕ್ಲಚ್ಚು ಸರಿ ಇವೆಯೇ ನೋಡಿ. ಆ ಕೋನ್ ಫಿಲ್ಟರ್ ಕಿತ್ತು ಕಂಪನಿಯ ಫಿಲ್ಟರ್ ಡಬ್ಬಿ ವಾಪಸ್ ಹಾಕಿ. ಮೊಬೈಲಿಗೆ ಬ್ಲೂಟೂತ್‌ನಿಂದ ಜೋಡಿಸುವ ಒಬಿಡಿ ರೀಡರ್ ಸಾವಿರ ರೂಪಾಯಿಯ ಆಸುಪಾಸು ಸಿಗುತ್ತದೆ. ಅದು ಎಲ್ಲವನ್ನೂ ತೋರಿಸುವುದಿಲ್ಲ. ಆದರೆ ಗಾಳಿಯ ಬಿಸಿ, ಕಿಡಿಯ ಸಮಯ, ಇಂಧನದ ತಿದ್ದುಪಡಿ ಇಷ್ಟನ್ನು ತೋರಿಸುತ್ತದೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಮಾಮೂಲಿ ಓಡಾಟದಲ್ಲೇ ಒಂದು ತಿಂಗಳು ಬರೆದಿಡಿ. ಎಷ್ಟೋ ಸಲ ಹೋಗಿದೆ ಅಂದುಕೊಂಡ ಶಕ್ತಿ ಹಳೆಯ ಪ್ಲಗ್ಗಿನಲ್ಲೋ, ಸೋರುವ ಟರ್ಬೊ ಪೈಪಿನಲ್ಲೋ ಸಿಕ್ಕಿಬಿಡುತ್ತದೆ. ಅದು ಸಿಕ್ಕಿದರೆ ಟ್ಯೂನರ್ ರೊಕ್ಕ ಉಳಿಯಿತು.

ಇಷ್ಟಾದ ಮೇಲೂ ಬೇಕು ಅನ್ನಿಸಿದರೆ, ನಿಮ್ಮ ಇಸಿಯು ನಂಬರಿಗೆ ಹೊಂದುವ, ಮೂಲ ಮ್ಯಾಪ್ ಉಳಿಸುವ, ದಾಖಲೆ ಬರೆಯುವ, ಹಿಂದೆ ಕನ್ನಡವೋ ಹಿಂದಿಯೋ ಇಂಗ್ಲಿಷೋ ಯಾವುದೋ ಭಾಷೆಯಲ್ಲಿ ಫೋನ್ ಎತ್ತಿ ಮಾತಾಡುವ ಒಬ್ಬ ಮನುಷ್ಯ ಇರುವ ಟ್ಯೂನರ್ ತಗೊಳ್ಳಿ. ಅಂಥ ಹ್ಯಾಂಡ್‌ಹೆಲ್ಡ್ ನಿಮ್ಮ ಕಾರಿಗೆ ಇಲ್ಲದಿದ್ದರೆ, ಹೆಸರು ಉಳಿಸಿಕೊಂಡ ಅಂಗಡಿಗೆ ಒಂದು ಸಲ ಹೋಗಿ ಮೃದುವಾದ ರೀಮ್ಯಾಪ್ ಮಾಡಿಸುವುದೇ ಲೇಸು. ಎಲ್ಲಕ್ಕಿಂತ ಜೋರಿನ ಮ್ಯಾಪ್ ಕೇಳಬೇಡಿ, ಎಲ್ಲಕ್ಕಿಂತ ಕೆಳಗಿನದು ಕೇಳಿ. ನಮ್ಮ ಬಿಸಿಲಿಗೆ, ನಮ್ಮ ಧೂಳಿಗೆ, ನಮ್ಮ ಬಂಕಿನ ಪೆಟ್ರೋಲಿಗೆ ಉಳಿದಿರುವ ಅಂತರವೇ ಎಂಜಿನ್ನಿನ ಆಯುಷ್ಯ.

ಅಂದ ಹಾಗೆ, 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೂ 2023ರ ಜನವರಿಯಿಂದ ಹೊಗೆಯ ಹೊಸ ನಿಯಮ ಬಂದು ಅವುಗಳಲ್ಲೂ ಕಾಮನ್ ರೈಲು, ಕಂಪ್ಯೂಟರು ಬಂದಿವೆ. ಮೈಕೋ ಕಂಪನಿ 2008ರಲ್ಲೇ ಬಾಷ್ ಆಗಿ ಹೆಸರು ಬದಲಿಸಿಕೊಂಡರೂ ನಮ್ಮ ಕಡೆ ಇನ್ನೂ "ಮೈಕೋ ಪಂಪ್" ಅನ್ನುವವರಿದ್ದಾರೆ. ಆ ಪಂಪೂ ಅದರ ಸ್ಕ್ರೂವೂ ಇನ್ನು ಕೆಲವು ವರ್ಷದಲ್ಲಿ ಹೊಲದಿಂದಲೂ ಹೋಗುತ್ತವೆ. ಟೆಸ್ಟ್ ಬೆಂಚಿನ ಮುಂದೆ ಗಾಜಿನ ಕೊಳವೆ ನೋಡುತ್ತಾ ನಿಂತ ಮಿಸ್ತ್ರಿಯ ಮಗ ನಾಳೆ ಟ್ರ್ಯಾಕ್ಟರ್ ಪಕ್ಕ ಲ್ಯಾಪ್‌ಟಾಪ್ ಹಿಡಿದು ನಿಲ್ಲಬೇಕಾಗುತ್ತದೆ. ಅವನು ಅಳೆಯುವವನಾಗುತ್ತಾನೋ ಬರೀ ತಿರುವುವವನಾಗುತ್ತಾನೋ ಅನ್ನುವುದು ಕಾರಿನ ಶೋಕಿಗಿಂತ ದೊಡ್ಡ ಪ್ರಶ್ನೆ. ಯಾಕೆಂದರೆ ಆ ಎಂಜಿನ್ ಕೆಟ್ಟು ನಿಂತರೆ ನಿಲ್ಲುವುದು ಹುಡುಗನ ವಾರಾಂತ್ಯದ ಸವಾರಿ ಅಲ್ಲ, ಒಂದು ಮನೆಯ ಬಿತ್ತನೆ.

ನಿಮ್ಮ ಊರಿನಲ್ಲಿ ಈ ಎರಡರಲ್ಲಿ ಯಾವ ಜಾತಿಯ ಮಿಸ್ತ್ರಿ ಇದ್ದಾರೆ? ಅಳೆಯುವವರು ಇದ್ದರೆ ಅವರ ಕೆಲಸದ ಬಗ್ಗೆ ನೀವೂ ಒಂದಿಷ್ಟು ಬರೀರಿ. ಓದೋಕೆ ನಾನು ಕಾಯ್ತಿರ್ತೀನಿ.